ಪುಚ್ ಎಂದರೆ ಓಗೊಡುವವನು

ಥಾಯ್ಲೆಂಡಿನ ಮಹಾಚೈ ಮೀನು ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ನಾನು ಎಲೆಯಡಿಕೆ ಮಡಿಸಿ ಮಾರುತ್ತೇನೆ. ಬರ್ಮಾದಿಂದ ಹೊಸದಾಗಿ ಬಂದವರೆಲ್ಲ ನೇರ ನನ್ನ ಪೆಟ್ಟಿಗೆಯ ಮುಂದೆ ಬಂದು ಕೂರುತ್ತಾರೆ, ನಾನೇನೋ ಕೆಲಸಗಳನ್ನು ಲುಂಗಿಯ ಗಂಟಿನಲ್ಲಿ ಕಟ್ಟಿಕೊಂಡಿರುವವಳ ಹಾಗೆ! ಚೆನ್ನಾಗಿ ಬೈಯುತ್ತೇನೆ. ಆಮೇಲೆ ಕೆಲಸವನ್ನೂ ಹುಡುಕಿಕೊಡುತ್ತೇನೆ. ಹಾಗೆ ನನಗೆ ಗಂಟುಬಿದ್ದವನು ಸೋ ಪೈಂಗ್.

ಮಾಲಮ್ಯೈನ್ ಊರಿನ ಟೀ ಅಂಗಡಿಯೊಂದರಲ್ಲಿ ಮೀಸೆ ಮೂಡುವ ಮೊದಲೇ ಲೋಟ ಎತ್ತಲು ನಿಂತವನು, ತಲೆ ನರೆಯುವವರೆಗೂ ಅಲ್ಲೇ ಇದ್ದ. ಅಂಗಡಿ ಮುಚ್ಚಿತು, ಇಲ್ಲಿಗೆ ಬಂದ. ಹೆಂಡತಿ ಯಿ ಮೋನ್ ಮೊದಲೇ ಬಂದು ಸೀಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಇವನಿಗೆ ಮಾತ್ರ ಎಲ್ಲೂ ಕೆಲಸ ಗಿಟ್ಟಲಿಲ್ಲ. ಥಾಯ್ ಮಾತು ಬಾರದು. ದಿನಾ ಸಂಜೆ ನಾನು ಬಾಯಿಪಾಠ ಮಾಡಿಸಿದರೂ ನಾಲಿಗೆಗೆ ಅಂಟಿದ್ದು 'ಕ್ರಾಪ್' ಎಂಬ ಒಂದು ಹೂಂಗುಟ್ಟುವ ಮಾತು. "ನೀನು ಕಳ್ಳನೇನೋ?" ಎಂದು ಕೇಳಿದರೂ ಕೈಮುಗಿದು ಕ್ರಾಪ್ ಎನ್ನುವ ಪುಣ್ಯಾತ್ಮ!

ಉಳಿದದ್ದು ಮೀನುದೋಣಿ. ತಿಂಗಳುಗಟ್ಟಲೆ ಸಮುದ್ರದಲ್ಲೇ ಇರುವ ಆ ದೋಣಿಗಳಲ್ಲಿ ಭಾಷೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಸೋ ಪೈಂಗನೋ, ಹೊಳೆ ದಾಟಿಸುವ ದೋಣಿಯಲ್ಲೇ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಳ್ಳುವವನು. ನಾಳೆ ಬೆಳಿಗ್ಗೆಯೊಳಗೆ ಉತ್ತರ ಬೇಕು ಎಂದು ದೋಣಿಯ ಮೇಸ್ತ್ರಿ ಗಡುವು ಕೊಟ್ಟಿದ್ದ.

"ದೋಣಿ ಹತ್ತಿದ್ರೆ ಅವರು ಜೀವಂತ ವಾಪಸ್ ಬರಲ್ಲ ಅಕ್ಕಾ," ಎಂದು ಯಿ ಮೋನ್ ಅತ್ತಳು. ಎದ್ದು ಎದುರಿನ ಜೇ ಕಿಮ್‌ಳ ನೂಡಲ್ ಅಂಗಡಿಗೆ ಹೋದೆ. ಅವಳ ಕೈಯಲ್ಲಿ ಸದಾ ಸೌಟು, ಬಾಯಲ್ಲಿ ಸದಾ ಬೈಗುಳ. ನನಗೆ ತಕ್ಕ ಜೋಡಿ.

"ಇವತ್ತೊಂದು ದಿನ ನೋಡ್ತೀನಿ," ಎಂದಳು. "ಸರಿಹೋಗ್ಲಿಲ್ಲ ಅಂದ್ರೆ ನಿನ್ನ ತಲೆಗೇ ಕಟ್ತೀನಿ."

ಸೋ ಪೈಂಗ್ ಅಂಗಡಿಯ ಕೆಂಪು ಏಪ್ರನ್ ಕಟ್ಟಿಕೊಂಡು, ಹೆಗಲಿಗೆ ಬಟ್ಟೆ ಹಾಕಿಕೊಂಡು ನಡುವೆ ನಿಂತ. ನಿಂತೇ ಇದ್ದ. ಗಿರಾಕಿಗಳು "ತಮ್ಮಾ! ತಮ್ಮಾ!" ಎಂದು ತಮ್ಮ ಭಾಷೆಯಲ್ಲಿ ಕೂಗಿದರು. ಇಲ್ಲಿ ಮಾಣಿಯನ್ನು ಕರೆಯುವುದೇ ಹಾಗೆ, ಆ ಮಾತನ್ನು ನಾನೇ ಕಲಿಸಿದ್ದೆ. ಆದರೂ ಆಸಾಮಿ ಅಲ್ಲಾಡಲಿಲ್ಲ.

"ಲೋ, ಕರೀತಿದಾರಲ್ಲೋ!" ಎಂದು ನನ್ನ ಪೆಟ್ಟಿಗೆಯಿಂದಲೇ ಅರಚಿದೆ.

"ನನ್ನನ್ನಾ? ಆ ಕೂಗೋ ಹುಡುಗ ನನ್ನ ಮಗನ ವಯಸ್ಸಿನವನು ಅಕ್ಕಾ, ನಾನು ಹೇಗೆ ಅವನಿಗೆ ತಮ್ಮ ಆಗ್ತೀನಿ?"

ತಲೆ ಚಚ್ಚಿಕೊಂಡೆ. ಆದರೆ ಅವನ ಕಷ್ಟವೂ ನನಗೆ ಗೊತ್ತು. ನಮ್ಮೂರ ಟೀ ಅಂಗಡಿಗಳಲ್ಲಿ ಯಾರೂ ಬಾಯಿಬಿಟ್ಟು ಕೂಗುವುದಿಲ್ಲ. ತುಟಿ ಚೂಪು ಮಾಡಿ, ಮಗುವಿಗೆ ಮುತ್ತಿಡುವ ಹಾಗೆ ಪುಚ್ ಪುಚ್ ಎನ್ನುತ್ತೇವೆ. ಅವನ ಕಿವಿ ಪಳಗಿದ್ದು ಆ ಸದ್ದಿಗೆ.

ಮಧ್ಯಾಹ್ನ ಮೂಲೆಯ ಮೇಜಿನಿಂದ ಬಂತು ನೋಡಿ, ಪುಚ್ ಪುಚ್! ಸೋ ಪೈಂಗನ ಮುಖ ಅರಳಿತು. ಓಡಿದ. ಬೆಂಚಿನ ಕೆಳಗಿನಿಂದ ಅಂಗಡಿಯ ಕರಿನಾಯಿ ದಮ್ ಕೂಡ ಓಡಿತು. ಇಬ್ಬರೂ ಒಟ್ಟಿಗೇ ಮುಟ್ಟಿದರು. ಕರೆದ ಗಿರಾಕಿಯ ಕೈಯಲ್ಲಿ ಹಂದಿಮೂಳೆ ಇತ್ತು.

"ಕ್ರಾಪ್," ಎಂದ ಸೋ ಪೈಂಗ್, ಕೈಮುಗಿದು.

"ಅಯ್ಯೋ, ನಿನಗಲ್ಲ ಮಾರಾಯ, ಅದಕ್ಕೆ!"

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಸುಳ್ಳೇಕೆ ಹೇಳಲಿ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗದವರು ಇಬ್ಬರೇ, ಅವನು ಮತ್ತು ಜೇ ಕಿಮ್.

"ಜನ ಕರೆದ್ರೆ ಬರಲ್ಲ, ನಾಯೀನ ಕರೆದ್ರೆ ಬರ್ತಾನೆ," ಎಂದು ಅವಳು ನನ್ನತ್ತ ಸೌಟು ತೋರಿಸಿದಳು. "ನನಗೆ ಒಂದು ನಾಯಿ ಇದೆ, ಸಾಕು. ಸಾಯಂಕಾಲದ ತನಕ ಪಾತ್ರೆ ತೊಳೆದು ಹೋಗ್ಲಿ."

"ಏನಂತೆ ಅಕ್ಕಾ?" ಎಂದ ಅವನು.

"ಪಾತ್ರೆ ತೊಳೀಬೇಕಂತೆ," ಎಂದೆ. ಉಳಿದದ್ದಕ್ಕೆ ಬಾಯಿ ಬರಲಿಲ್ಲ.

ಅವನು ನನ್ನ ಮುಖ ನೋಡಿದ. "ಹಾಗಾದ್ರೆ ದೋಣಿನೇ," ಎಂದು ಹಿತ್ತಲಿಗೆ ಹೋದ.

ಸಂಜೆ ಶೆಡ್ಡಿನ ಪಾಳಿ ಮುಗಿಯಿತು. ಏನೂ ತಿಳಿಯದ ಯಿ ಮೋನ್ ಗಂಡನ ಹೊಸ ಕೆಲಸ ತೋರಿಸಲು ಗೆಳತಿಯರನ್ನೂ ಅವರ ಗಂಡಂದಿರನ್ನೂ ಹೊರಡಿಸಿಕೊಂಡು ಬಂದಳು. ನಮ್ಮವರು ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಪುಚ್ ಎಂದಾಗ, "ನನ್ನನ್ನ ನಾಯಿ ಅಂದ್ಕೊಂಡಿದೀಯೇನೋ?" ಎಂದು ಜೇ ಕಿಮ್ ಮಾರುಕಟ್ಟೆಯವರೆಗೂ ಅಟ್ಟಿಸಿಕೊಂಡು ಹೋಗಿದ್ದಳು. ನಾನು ಪೆಟ್ಟಿಗೆ ಬಿಟ್ಟು ಎದ್ದೆ. ಹೇಳಿ ತಡೆಯುವಷ್ಟರಲ್ಲಿ ಒಬ್ಬ ಕೂತವನೇ ತುಟಿ ಚೂಪು ಮಾಡಿದ.

ಪುಚ್!

ಜೇ ಕಿಮ್ ಸೌಟು ಎತ್ತಿದಳು. ಅವಳು ಹೆಜ್ಜೆ ಕಿತ್ತಿಡುವ ಮೊದಲೇ ಸೋಪಿನ ನೊರೆ ಸುರಿಸುತ್ತ ಹಿತ್ತಲಿನಿಂದ ಹಾರಿ ಬಂದ ಸೋ ಪೈಂಗ್. ಆಮೇಲೆ ಅವನನ್ನು ಹಿಡಿಯುವವರು ಯಾರು! ಆ ಮೇಜಿನಿಂದ ಪುಚ್, ಈ ಮೇಜಿನಿಂದ ಪುಚ್. ನೋಡದೆಯೇ ತಿರುಗುತ್ತಿದ್ದ. ಮೊಣಕೈವರೆಗೆ ಬಟ್ಟಲು ಜೋಡಿಸಿಕೊಂಡು, ಯಾರಿಗೆ ಖಾರ, ಯಾರಿಗೆ ಸಪ್ಪೆ ಎಂಬುದನ್ನು ಮರೆಯದೆ ಇಟ್ಟ. ಒಲೆಯ ಬಳಿ ಮಾತಿಲ್ಲ, ಬೆರಳು ತೋರಿಸುವುದಷ್ಟೇ. ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಜನ, ಇದೇನಪ್ಪ ನಮ್ಮೂರು ಇಲ್ಲಿಗೆ ಬಂದಿದೆ ಎಂದು ಒಳಗೆ ನುಗ್ಗಿದರು. ಮೇಲೆದ್ದ ಸೌಟು ವಿಧಿಯಿಲ್ಲದೆ ಹಂಡೆಗೆ ಇಳಿಯಿತು. ಬೈಯಲೂ ಜೇ ಕಿಮ್‌ಗೆ ಪುರುಸೊತ್ತಾಗಲಿಲ್ಲ.

ಹಂಡೆ ಬರಿದಾಯಿತು, ಜನ ಕರಗಿದರು. ಸೋ ಪೈಂಗ್ ಏಪ್ರನ್ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟ. ಕೈಮುಗಿದು ಮೆಟ್ಟಿಲಿಳಿದ. ನಾನು ಯಿ ಮೋನಳ ಕೈ ಹಿಡಿದುಕೊಂಡೆ.

ಜೇ ಕಿಮ್ ಅವನನ್ನು ಕೂಗಲು ಬಾಯಿ ತೆರೆದಳು. ಹೆಸರು ನೆನಪಿಗೆ ಬರಲಿಲ್ಲವೋ, ನಾಲಿಗೆ ಹೊರಳಲಿಲ್ಲವೋ. ಅತ್ತಿತ್ತ ನೋಡಿದಳು. ಮುಖ ಕೆಂಪಗಾಯಿತು. ಆಮೇಲೆ ತುಟಿಯನ್ನು ಸೊಟ್ಟಸೊಟ್ಟವಾಗಿ ಮುಂದೆ ಮಾಡಿದಳು.

"ಪುಚ್."

ನಾಯಿಯೂ ಅವನೂ ಒಟ್ಟಿಗೇ ತಿರುಗಿದರು. ನಾಯಿಗೆ ಮೂಳೆ ಎಸೆದಳು, ಅವನ ಎದೆಗೆ ಏಪ್ರನ್. "ನಾಳೆ ಬೇಗ ಬಾ," ಎಂದು ಗದರಿದಳು.

ಅವನಿಗೆ ಅರ್ಥವಾಯಿತೋ ಇಲ್ಲವೋ, ಏಪ್ರನ್ ಅಪ್ಪಿಕೊಂಡು ಬೀದಿಯಲ್ಲೇ ಅತ್ತುಬಿಟ್ಟ. ನನಗೂ ಅಳು ಬರುವ ಮೊದಲೇ ಬೈದೆ: "ನಾಯಿ ಕರೆದ ಹಾಗೆ ಕರೆದಿದಾಳೆ, ನಾಚ್ಕೆ ಆಗಲ್ವೇನೋ?"

"ಅಕ್ಕಾ, ಈ ದೇಶಕ್ಕೆ ಬಂದ ಮೇಲೆ ನನ್ನನ್ನ ಸರಿಯಾಗಿ ಕರೆದೋರು ಅವರೊಬ್ರೇ."

ಯಿ ಮೋನ್ ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ದೋಣಿ ಮೇಸ್ತ್ರಿ ಬಂದ್ರೆ ಏನನ್ಲಿ?"

"ನನ್ನನ್ನ ಕರೆದುಬಿಟ್ರು ಅನ್ನು."