ಚಾಚಿಯ ಬೆರಳಿಗೊಂದು ಸ್ವಿಚ್ಚು

ಮೊನ್ನೆ ಗದಗಿನಲ್ಲಿ ಮೊಬೈಲು ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ತಂತಿ ಬೆಸೆಯುವ ಕಾದ ಕಡ್ಡಿಯನ್ನು ರಾಳಕ್ಕೆ ಅದ್ದಿದ. ಎದ್ದ ಹೊಗೆಯ ಘಾಟಿಗೆ, ಬೆಟಗೇರಿಯ ನಮ್ಮ ಪಕ್ಕದ ಮನೆಯ ಚಾಚಾ ಕಣ್ಣೆದುರು ಬಂದು ಕೂತಂತಾಯಿತು…

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಚಾಚಾನದು ರೇಡಿಯೋ ರಿಪೇರಿ ಅಂಗಡಿ. ಒಬ್ಬಳೇ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಉಳಿದವಳು ಚಾಚಿ. ಅವಳಿಗೆ ಲಕ್ವಾ ಹೊಡೆದು ಮಾತು ತೊದಲುತ್ತಿತ್ತು. ಎಡಗೈಯ ಬೆರಳುಗಳಷ್ಟೇ ಅಲ್ಪಸ್ವಲ್ಪ ಆಡುತ್ತಿದ್ದವು. ಚಾಚಾ ಬೆಳಿಗ್ಗೆ ಅವಳ ತಲೆದೆಸೆಯಲ್ಲಿ ರೇಡಿಯೋ ಹಚ್ಚಿಟ್ಟು ಅಂಗಡಿಗೆ ಹೋಗುತ್ತಿದ್ದರು. ಮಧ್ಯಾಹ್ನ ನಾನು ಗಂಜಿ ಕುಡಿಸಲು ಹೋದಾಗಲೂ ಅದು ಹಾಡುತ್ತಲೇ ಇರುತ್ತಿತ್ತು.

ಅದರ ಸ್ವಿಚ್ಚು ತಿರುವಿ ಹಚ್ಚುವಂಥದ್ದು, ಬಲು ಬಿಗಿ. ಅದನ್ನು ಕಿತ್ತು, ಬೆರಳು ತಾಗಿದರೆ ಸಾಕು ಎನ್ನುವಂಥ ಎಲೆಕ್ಟ್ರಾನಿಕ್ ಸ್ವಿಚ್ಚು ಕೂಡಿಸಬೇಕೆಂದು ಚಾಚಾ ಹಟ ಹಿಡಿದರು. ಮೊದಲು ಮಾಡಿದ್ದು ರೇಡಿಯೋ ಬಂದ್ ಇದ್ದಾಗಲೂ ಒಳಗೊಳಗೇ ಸೆಲ್ ತಿನ್ನುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಹೊಸದಾಗಿ ಕೂತರು.

“ಆಕಿ ಒತ್ತಿದಾಗ ಸೆಲ್ ಸತ್ತಿದ್ರ ಹೆಂಗ, ಬೇಟಿ? ನಾ ಮನ್ಯಾಗ ಇರಂಗಿಲ್ಲ” ಎಂದರು.

ಕೊನೆಗೆ, ಸುಮ್ಮನಿದ್ದಾಗ ಕರೆಂಟು ಹೆಚ್ಚುಕಡಿಮೆ ಎಳೆಯದೇ ಇರುವಂಥದ್ದು ಸಿದ್ಧವಾಯಿತು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದು, ಗುಂಡಿಯನ್ನು ಚಾಚಿಯ ಬೆರಳ ಕೆಳಗಿಟ್ಟರು. ರೇಡಿಯೋ ಹಾಡುತ್ತಿತ್ತು. ಚಾಚಿ ಬೆರಳು ಒತ್ತಿದಳು. ಮನೆಯೆಲ್ಲ ಗಪ್ಪಾಯಿತು.

ಚಾಚಾನ ಮುಖ ಸಣ್ಣದಾಯಿತು. “ಯಾಕ, ಹಾಡು ಚಲೋ ಇಲ್ಲೇನು?”

“ಎಷ್ಟ ದಿನಾ ಆಗಿತ್ತರಿ… ಬಂದ್ ಮಾಡಬೇಕಂತ” ಎಂದು ಚಾಚಿ ತೊದಲಿದಳು. ಅರ್ಧ ಮುಖದಲ್ಲೇ ನಕ್ಕಳು. ಅವಳಿಗೆ ಸಾಕಾಗುತ್ತಿದ್ದೀತು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಚಾಚಾ ಹಾಸಿಗೆಯ ಅಂಚಿಗೆ ಕೂತು ತಾವೂ ನಕ್ಕರು, ಕಣ್ಣೊರೆಸಿಕೊಂಡರು. ಅಂದಿನಿಂದ ಗೋಡೆಯಾಚೆ ರೇಡಿಯೋ ಹತ್ತುವುದು, ಆರುವುದು ಎಲ್ಲ ಚಾಚಿಯ ಮರ್ಜಿ.

ಬೇಸಿಗೆಗೆ ಮುಂಚೆ ಅವಳು ತೀರಿಕೊಂಡಳು.

ಆಮೇಲೂ ಚಾಚಾ ಬೆಳಿಗ್ಗೆ ರೇಡಿಯೋ ಹಚ್ಚಿ, ಖಾಲಿ ಮನೆಗೆ ಕೀಲಿ ಹಾಕಿಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅದು ನಿಂತಿತು. ಸಂಜೆ ಅವರು ಬಂದ ಕೂಡಲೇ ಹೇಳಿದೆ.

“ಸೆಲ್ ಮುಗದಿರಬೇಕು” ಎಂದರು. ಕೀಲಿ ತೆಗೆಯದೆ ಕಟ್ಟೆಯ ಮೇಲೆ ಕೂತರು. “ನೀ ಹೇಳಿದ ಕೂಡ್ಲೆ, ಆಕಿನೇ ಬಂದ್ ಮಾಡ್ಯಾಳ ಅನ್ನಿಸ್ತು, ಬೇಟಿ” ಎಂದರು. ನಾನೂ ಅವರ ಪಕ್ಕದಲ್ಲಿ ಕೂತೆ…

ಅದಾಗಿ ಕೆಲವೇ ದಿನಗಳಲ್ಲಿ ಅಂಗಡಿ ಮುಚ್ಚಿ, ಮಗಳ ಮನೆಗೆ ಹೊರಟುಹೋದರು. ಮುಂದಿನ ರಮ್ಜಾನಿನಲ್ಲಿ ಲಕ್ಷ್ಮೇಶ್ವರದಿಂದ ಅವರೂ ತೀರಿಕೊಂಡ ಖಬರು ಬಂತು.

ಅವರ ಮನೆ ಇದ್ದಲ್ಲಿ ಈಗ ಮಾಳಿಗೆ ಮನೆ ಎದ್ದಿದೆ. ಅಲ್ಲಿಯವರೂ ಒಳ್ಳೆಯವರೇ. ಆದರೆ ಚಾಚಾ-ಚಾಚಿ ಇಬ್ಬರನ್ನೂ ಕಂಡವರು ಈ ಓಣಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಚಾಚಿ ಹೀಗೆ ನಕ್ಕಿದ್ದಳು ಎಂದು ಹೇಳಿದರೆ, ಹೌದು ಎನ್ನಲು ಯಾರೂ ಇಲ್ಲ.