ಬೋರೆಹಳ್ಳಿಗೆ ಎಷ್ಟು ಸರಪಳಿ

"ಚಲುವಯ್ಯನ ಕೇಳಿ ದಾರಿ ಹಿಡಿದ್ರೆ ಕುರುಡನೂ ಊರು ಸೇರ್ತಾನೆ. ಆದ್ರೆ ಅವನು ಹೇಳಿ ಮುಗಿಸೋ ಹೊತ್ಗೆ ಹೊತ್ತು ಮುಳುಗಿರ್ತದೆ" ಎಂದು ತಗ್ಗಿನದೊಡ್ಡಿಯ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರೋ ಬೈಕಿನವನು ನಿಲ್ಲಿಸಿ "ಕನಕಪುರ ರೋಡು ಎಷ್ಟು ದೂರ ಯಜಮಾನ್ರೇ?" ಎಂದರೆ ಸಾಕು, "ಹೊರೆ ಐತಾ, ಬರಿಗೈನಾ? ಮಳೆ ಬಿದ್ದಿದ್ರೆ ಹಳ್ಳ ಬಳಸ್ಬೇಕಪ್ಪ" ಎಂದು ಕೂತುಬಿಡುತ್ತಿದ್ದ. ದೂರವೆಂದರೆ ಬರೀ ಒಂದು ಅಂಕಿ ಎಂದು ಅವನು ಯಾವತ್ತೂ ಒಪ್ಪಿದವನಲ್ಲ.

ಒಪ್ಪುವುದಾದರೂ ಹೇಗೆ? ಮೂವತ್ತೊಂದು ವರ್ಷ ಸರ್ವೆಯಲ್ಲಿ ಬಾಂದು ಜವಾನನಾಗಿ ದುಡಿದವನು. ಗಡಿಯ ಬಾಂದು ಕಲ್ಲು ಹುಡುಕುವುದು, ಹೊಲಗಳ ಮೇಲೆ ಸರಪಳಿ ಎಳೆಯುವುದು ಅವನ ಕೆಲಸ. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಜೊತೆಗಾರ ಅಕ್ರಮ್‌ನ ಕೈಯಲ್ಲಿ. ಸೋಲೂರಿನಿಂದ ಹಿಡಿದು ಕನಕಪುರದ ಕಾಡಂಚಿನವರೆಗೆ ಇವರಿಬ್ಬರು ತುಳಿಯದ ಬದುವಿಲ್ಲ. ರಾಗಿ ಅಳೆಯುವವರ ಹಾಗೆ ಮೊದಲ ಸರಪಳಿಗೆ "ಒಂದು" ಎನ್ನದೆ "ಲಾಭ" ಎನ್ನುವರು; ಹತ್ತಕ್ಕೊಂದು ಬೆಣಚುಕಲ್ಲು ಪಂಚೆಯ ಮಡಿಲಿಗೆ. ಅಳತೆಯ ಮೆಷೀನು ಬಂದ ಮೇಲೆ ಸರಪಳಿ ಗುಜರಿಗೆ ಹೋಗುವುದಿತ್ತು. ಚಲುವಯ್ಯ ಕೇಳಿಕೊಂಡು ಮನೆಗೆ ತಂದು ತೊಲೆಗೆ ನೇತುಹಾಕಿದ.

ಹೀಗಿರುವಾಗ ಊರಿನ ರೇಷನ್ ಡಿಪೋಗೆ ಬೀಗ ಬಿತ್ತು. ಹತ್ತಿರದ ಎರಡು ಡಿಪೋ ಸೇರಿಸಿ ಒಂದು ಮಾಡಿದ್ದಾರೆ, ಇನ್ನು ಮುಂದೆ ಬೋರೆಹಳ್ಳಿಗೆ ಹೋಗಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹತ್ತಿರವಂತೆ! ನಡುವೆ ಇದ್ದ ಬಂಡೆಗುಡ್ಡ ಕಲ್ಲುಕ್ವಾರಿಯಾಗಿ, ಕ್ವಾರಿ ಆಳದ ಗುಂಡಿಯಾಗಿ, ಗುಂಡಿಯಲ್ಲಿ ನೀರು ನಿಂತು ಎಷ್ಟೋ ವರ್ಷವಾಗಿತ್ತು. ಬೋರೆಹಳ್ಳಿಗೆ ಹೋಗಬೇಕಾದರೆ ಕ್ವಾರಿಯ ಕಸದ ದಿಣ್ಣೆಗಳನ್ನು ಹತ್ತಿ ಇಳಿದು ಸುತ್ತಿಕೊಂಡೇ ಹೋಗಬೇಕು.

ಚಲುವಯ್ಯನ ಹೆಬ್ಬೆಟ್ಟಿನ ಗೆರೆಗಳನ್ನು ಆ ಸರಪಳಿಯೇ ಎಂದೋ ತಿಂದುಹಾಕಿತ್ತು. ಡಿಪೋದ ಮೆಷೀನು ಅವನ ಬೆರಳನ್ನು ಹಿಡಿಯುತ್ತಿರಲಿಲ್ಲ. ಮಗಳು ಅಮೂಲ್ಯಳಿಗೆ ಹಾರೋಹಳ್ಳಿ ಫ್ಯಾಕ್ಟರಿಯ ಕೆಲಸ. ಹಾಗಾಗಿ ಹೆಂಡತಿ ಅಂಕಮ್ಮನೇ ಹೋಗಬೇಕಾಯಿತು. ಬೆಳಿಗ್ಗೆ ಹೋದವಳು ದನ ಮನೆಗೆ ಬರುವ ಹೊತ್ತಿಗೆ ಬಂದಳು. ತಲೆಯ ಮೇಲೆ ಅಕ್ಕಿ ಚೀಲ, ಮಂಡಿ ಸೋರೆಬುರುಡೆಯ ಹಾಗೆ ಊದಿತ್ತು. ಜಗಲಿಯ ಮೇಲೆ ಕುಕ್ಕರಿಸಿ, "ಇನ್ನೊಂದ್ ಕಿತ ನಂಗಾಗಾಕಿಲ್ಲ" ಎಂದಳು. ಚಲುವಯ್ಯನ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನವೇ ತಾಲ್ಲೂಕಿನ ರೇಷನ್ ಆಫೀಸಿಗೆ ಹೋದ. ಸಾಹೇಬರು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಎರಡು ಚುಕ್ಕೆ, ನಡುವೆ ಒಂದು ಕೆಂಪು ಗೆರೆ.

"ನೋಡಿ, ಒಂಬೈನೂರು ಮೀಟರ್. ಕಾಲು ಗಂಟೆ ದಾರಿ."

"ಈ ಗೆರೆ ಮ್ಯಾಲೆ ನನ್ನೆಂಡ್ರು ನಡೆದ್ರೆ ನೂರಡಿ ಗುಂಡಿಗೆ ಬೀಳ್ತಾಳೆ ಸ್ವಾಮಿ. ಅಲ್ಲಿ ಕ್ವಾರಿ ಐತೆ."

"ಮ್ಯಾಪಲ್ಲಿ ಇಲ್ಲವಲ್ಲ?"

"ಮ್ಯಾಪ್ ಬರೆಯೋವಾಗ ಗುಡ್ಡ ಇತ್ತು. ಆಮ್ಯಾಕೆ ಗುಡ್ಡನ ಕೊಯ್ದು ಯಾರ್ಯಾರದೋ ಅಡುಗೆಮನೆ ಕಟ್ಟೆಗೆ ಹಾಸ್ಬುಟ್ರು. ನಮ್ಗೆ ರೆಕ್ಕೆ ಕೊಡೋದೊಂದು ಮರ್ತ್ಬುಟ್ರು."

ಸಾಹೇಬರು ನಕ್ಕರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದ, ಆ ನಗು ತಡೆಯಲಾಗಲಿಲ್ಲ. "ಚುಕ್ಕೆ ಅಂದ್ರೆ ಊರಲ್ಲ ಸ್ವಾಮಿ! ಎರಡೂರು ಮಧ್ಯ ಏನೈತೆ ಅಂತ ನೋಡ್ದೆ ದೂರ ಹೇಳೋನು ಯಾವನು?" ಎಂದು ಮೇಜು ಗುದ್ದಿದ.

"ನಡೆಯುವ ದಾರಿ ಐದು ಕಿಲೋಮೀಟರ್ ದಾಟಿದರೆ ಡಿಪೋ ವಾಪಸ್ ಕೊಡಬಹುದು. ಅಳತೆ ಇದ್ದರೆ ತನ್ನಿ" ಎಂದು ಸಾಹೇಬರು ಫೈಲು ಮುಚ್ಚಿದರು.

ಅಮೂಲ್ಯ, "ಅಪ್ಪಯ್ಯ, ಫೋನಲ್ಲೇ ಅಳೀಬೋದು" ಎಂದಳು. "ಆ ಫೋನು ಅವರ ಕಡೆ ನೆಂಟ ಕಣವ್ವ, ಅವರ ಪರವಾಗೇ ಸಾಕ್ಷಿ ಹೇಳ್ತದೆ" ಎಂದವನೇ ತೊಲೆಯಿಂದ ಸರಪಳಿ ಇಳಿಸಿದ. ಕನಕಪುರದಿಂದ ಅಕ್ರಮ್ ಬಂದ. ಅವನಿಗೂ ಎಪ್ಪತ್ತು ದಾಟಿತ್ತು. "ಏನ್ಲಾ ಚಲುವ, ರಿಟೈರಾಗಿ ಹದಿನೈದು ವರ್ಸ ಆದ್ಮ್ಯಾಲೆ ಡೂಟಿ ಹಾಕ್ತಿದ್ದೀಯಲ್ಲೋ!" ಎಂದು ರೇಗಿಸುತ್ತಲೇ ತುದಿ ಹಿಡಿದ. ಹೊಸಲಿನಿಂದ ಬೋರೆಹಳ್ಳಿ ಡಿಪೋ ಬಾಗಿಲವರೆಗೆ ಮಡಿಲಲ್ಲಿ ನಲವತ್ತೊಂಬತ್ತು ಕಲ್ಲು, ಮೇಲೆ ಮೂರು ಸರಪಳಿ. ಒಟ್ಟು ನಾನೂರ ತೊಂಬತ್ತಮೂರು.

ಸಾಹೇಬರು ಕ್ಯಾಲ್ಕುಲೇಟರು ಒತ್ತಿದರು. "ನಲವತ್ತೊಂದು ಮೀಟರ್ ಕಮ್ಮಿ ಬಂತಲ್ಲ ಯಜಮಾನ್ರೇ."

ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದರು. ಇದ್ದಕ್ಕಿದ್ದಂತೆ ಅಕ್ರಮ್ ಹಣೆ ಚಚ್ಚಿಕೊಂಡ.

"ಲೇ, ದಿಣ್ಣೆ ಹತ್ತೋವಾಗ ಸರಪಳಿ ಎತ್ತಿ ಹಿಡಿದ್ಯಾ, ನೆಲಕ್ಕೆ ಬುಟ್ಯಾ?"

"ಎತ್ತೇ ಹಿಡಿದೆ. ಮಟ್ಟ ಬ್ಯಾಡ್ವಾ?"

"ಥೂ! ನಾನೂ ಅಂಗೇ ಹಿಡಿದೆ. ನಾವು ಹೊಲ ಅಳೆದ್ಬುಟ್ವಿ ಕಣ್ಲಾ, ದಾರಿ ಅಳೀಲಿಲ್ಲ!"

ಹೊಲ ಅಳೆಯುವಾಗ ಏರಿದ್ದರೂ ಇಳಿಜಾರಿದ್ದರೂ ಸರಪಳಿಯನ್ನು ಮಟ್ಟಸವಾಗಿ ಎತ್ತಿ ಹಿಡಿಯಬೇಕು. ಅದು ಸರ್ವೆಯ ಕಟ್ಟಳೆ. ಮೂವತ್ತೊಂದು ವರ್ಷದ ಕೈ ಯಾರೂ ಹೇಳದೆಯೇ ಕಟ್ಟಳೆ ಪಾಲಿಸಿತ್ತು. ಅಂಕಮ್ಮ ಏದುಸಿರು ಬಿಟ್ಟು ಹತ್ತಿದ ದಿಣ್ಣೆಗಳೆಲ್ಲ ಲೆಕ್ಕದಿಂದ ಉದುರಿಹೋಗಿದ್ದವು. ಚಲುವಯ್ಯ ತನ್ನ ಕೈಯನ್ನೇ ದಿಟ್ಟಿಸಿ ನೋಡಿಕೊಂಡ. "ಅವನು ಕುರ್ಚಿ ಮ್ಯಾಲೆ ಕುಂತು ದಾರಿ ನುಂಗ್ದ, ನಾನು ನಡ್ಕೊಂಡೋಗಿ ನುಂಗ್ದೆ" ಎಂದ. ಆ ಸಿಟ್ಟು ಇಳಿಯಲೇ ಇಲ್ಲ.

ನಾಲ್ಕನೆಯ ದಿನ ಎರಡನೇ ಸಲ ಅಳೆದರು. ಐನೂರ ಒಂದು ಸರಪಳಿ. ಐದು ಕಿಲೋಮೀಟರ್ ದಾಟಿತು. ಚಲುವಯ್ಯ ಅಷ್ಟನ್ನು ತಾನೇ ಬರೆದು ಮುಗಿಸಿ, ಬೋರೆಹಳ್ಳಿ ಡಿಪೋದ ಜಗಲಿಗೆ "ಒಸಿ ಸುಧಾರಿಸ್ಕೋತೀನಿ" ಎಂದು ಒರಗಿದವನು ಮತ್ತೆ ಏಳಲಿಲ್ಲ. ಕಾಗದವನ್ನು ಆಫೀಸಿಗೆ ಕೊಟ್ಟವನು ಅಕ್ರಮ್. ಎರಡು ತಿಂಗಳಿಗೆ ತಗ್ಗಿನದೊಡ್ಡಿಯ ಡಿಪೋ ತೆರೆಯಿತು. ಆದೇಶದಲ್ಲಿ ಚಲುವಯ್ಯನ ಹೆಸರಿರಲಿ, ಕ್ವಾರಿಯ ಹೆಸರೂ ಇರಲಿಲ್ಲ. "ಆಡಳಿತಾತ್ಮಕ ಕಾರಣಗಳಿಂದ" ಎಂದಿತ್ತು. ಒಂದು ಜೀವಕ್ಕೆ ಎರಡು ಪದ!

ಆದೇಶದ ಮಾತು ಅತ್ತ ಇರಲಿ. ಹೇಳಬೇಕಾದದ್ದು ಎರಡನೇ ಸಲ ಅಳೆಯಲು ಹೊರಟ ಆ ಬೆಳಗಿನದು.

ಅಂಕಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಡಿಪೋನೂ ಬ್ಯಾಡ, ಎಂತದೂ ಬ್ಯಾಡ. ರಾತ್ರಿಯೆಲ್ಲ ಎದೆ ಉಜ್ಕೊತಿದ್ರಿ. ನಾನೇ ಹೆಂಗೋ ಹೋಗ್ಬತ್ತೀನಿ ಬುಡಿ."

"ನೀನು ಹತ್ತಿದ ದಿಣ್ಣೆ ಯಾರ ಕಾಗದದಲ್ಲೂ ಇಲ್ಲ ಕಣಮ್ಮಿ. ಇವತ್ತು ಬರ್ಕೊಂಡು ಬತ್ತೀನಿ."

"ಬಾರ್ಲಾ ಮದುವಣಿಗ, ಮುಹೂರ್ತ ಮೀರ್ತದೆ!" ಬೀದಿಯಿಂದ ಅಕ್ರಮ್ ಕೂಗಿದ.

ಚಲುವಯ್ಯ ಸರಪಳಿಯ ಒಂದು ತುದಿಯನ್ನು ಅಂಕಮ್ಮನ ಕೈಗೆ ಕೊಟ್ಟು, "ಹೊಸಲಿಗೆ ಒತ್ತಿ ಹಿಡ್ಕೊ, ಎತ್ಬ್ಯಾಡ" ಎಂದ. ಅವಳು ಗೊಣಗುತ್ತಲೇ ಕೂತು ಹಿಡಿದಳು. ಅವನು ಇನ್ನೊಂದು ತುದಿ ಹಿಡಿದು ಅಂಗಳಕ್ಕೆ ಇಳಿದ. ಸರಪಳಿ ಮೆಟ್ಟಿಲಿಳಿದು, ಚರಂಡಿಯ ಚಪ್ಪಡಿ ಹತ್ತಿ, ನೆಲಕ್ಕೆ ಅಂಟಿಕೊಂಡೇ ಅವನ ಹಿಂದೆ ಹೋಯಿತು.