ರಟ್ಟಿನ ಟಿವಿ ಹೊತ್ತ ಗೋಡೆಯಣ್ಣ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಮನೆಯೊಂದರ ಹಜಾರದಲ್ಲಿ ಒಬ್ಬರು ಕುರ್ಚಿ ಹತ್ತಿ ಗೋಡೆಗೆ ರಟ್ಟು ಅಂಟಿಸುತ್ತಿದ್ದಾರೆ. ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹೊತ್ತು ತಂದ ರಟ್ಟು; ಬಿಚ್ಚಿದರೆ ಗೋಡೆಯ ಮುಕ್ಕಾಲು ಪಾಲು ನುಂಗುತ್ತದೆ. ಒಂದು ಮಗ್ಗುಲಿಗೆ ಕಪ್ಪು ಬಣ್ಣ ಬಳಿದಿದೆ. ಮನೆಯವರಿನ್ನೂ ಆಕಳಿಸುತ್ತಿದ್ದಾರೆ. ಇವರು ಮಾತ್ರ ಮದುವೆಗೆ ಹೊರಟವರಂತೆ ನುಣ್ಣಗೆ ಗಡ್ಡ ಹೆರೆದು, ತಲೆ ಬಾಚಿ, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಬಂದಿದ್ದಾರೆ.

"ದಿನಾ ಯಾರ್ಯಾರು ಎಲ್ಲಿ ಕೂರ್ತೀರೋ ಅಲ್ಲೇ ಕೂತ್ಕೊಳ್ಳಿ. ಹತ್ತು ನಿಮಿಷ ಸುಮ್ನೆ ನೋಡಿ."

ನೋಡುವುದೇನನ್ನು? ಟಿವಿ ಇನ್ನೂ ಅಂಗಡಿಯಲ್ಲಿದೆ. ಯಜಮಾನರು, ಅವರ ಹೆಂಡತಿ, ಅಜ್ಜಿ ಮೂವರೂ ಸೋಫಾದಲ್ಲಿ ಸಾಲಾಗಿ ಕೂತು ಕಪ್ಪು ರಟ್ಟನ್ನು ನೋಡುತ್ತಾರೆ. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನನಗೆ ನಗು ತಡೆಯಲಾಗುವುದಿಲ್ಲ. ಅಜ್ಜಿಗೂ ಅಷ್ಟೇ. "ಇಷ್ಟು ದೊಡ್ಡದಾದ್ರೆ ನಾವು ಟಿವಿಯವರನ್ನ ನೋಡೋದೋ, ಅವರೇ ನಮ್ಮನ್ನ ನೋಡೋದೋ?" ಎಂದು ಕೇಳುತ್ತಾರೆ. ಯಜಮಾನರಿಗೆ ಆ ಅಳತೆಯೇ ಬೇಕು, ಭಾವಮೈದನ ಮನೆಯಲ್ಲಿರುವುದು ಇದಕ್ಕಿಂತ ಒಂದು ಗೇಣು ಚಿಕ್ಕದಂತೆ.

ಅಷ್ಟರಲ್ಲಿ ಬಿಸಿಲು ಕಿಟಕಿಯಿಂದ ತೂರಿ ರಟ್ಟಿನ ಬಲತುದಿಗೆ ಬೀಳುತ್ತದೆ. ಈ ಬಿಸಿಲಿಗಾಗಿಯೇ ಅವರು ಇಷ್ಟು ಹೊತ್ತಿಗೆ ಬರುವುದು. ಬೆಳಗ್ಗೆ ನ್ಯೂಸ್ ನೋಡುವವರು ಯಾರೆಂದು ಕೇಳುತ್ತಾರೆ. ಅಜ್ಜಿ ಕೈ ಎತ್ತುತ್ತಾರೆ. ಇವರು ರಟ್ಟಿನ ಅಂಚನ್ನು ಒಂದು ಗೇಣು ಒಳಕ್ಕೆ ಮಡಚಿ ಎಡಕ್ಕೆ ಸರಿಸುತ್ತಾರೆ. "ಈಗ ನೋಡಿ ಅಮ್ಮ, ಕಣ್ಣಿಗೆ ಹಾಯಾಗಿದ್ಯಾ?" ಮನೆಯವರು ಇನ್ನೊಂದಿಷ್ಟು ಹೊತ್ತು ಚೌಕಾಸಿ ಮಾಡಿ, ಕೊನೆಗೆ ಆ ಮಡಚಿದ ಅಳತೆಗೇ ಒಪ್ಪುತ್ತಾರೆ. ಭಾವಮೈದನ ಲೆಕ್ಕದಲ್ಲಿ ಸರಿಸಮ. ಯಜಮಾನರ ಮುಖ ಸ್ವಲ್ಪ ಸಪ್ಪಗಾಗುತ್ತದೆ, ಅಷ್ಟೇ.

ಅಂಗಡಿಯವರು ಇವರನ್ನು ಕರೆಯುವುದು ಗೋಡೆಯಣ್ಣ ಎಂದು. ದೊಡ್ಡ ಟಿವಿ ಕೊಳ್ಳುವವರ ಮನೆಗೆ ಮೊದಲು ಹೋಗಿ ಗೋಡೆ, ಬಾಗಿಲು, ಮೆಟ್ಟಿಲ ತಿರುವು ಅಳೆಯುವುದು, ಆಮೇಲೆ ಟಿವಿ ಬಂದಾಗ ಗೋಡೆಗೆ ಕೂರಿಸುವುದು ಅವರ ಕೆಲಸ. ದಿನಕ್ಕೆ ಮೂರು ಮನೆ, ಹಬ್ಬದ ರಿಯಾಯಿತಿ ಬಂದರೆ ಐದಾರು. ಟಿವಿ ಆನ್ ಆದ ಕ್ಷಣದಿಂದ ಮನೆಯವರ ಕಣ್ಣೆಲ್ಲ ಅದರ ಮೇಲೆ. ಅದನ್ನು ಕೂರಿಸಿದವರು ಗೋಡೆ ಕೊರೆದ ಪುಡಿಯನ್ನು ತಾವೇ ಗುಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ಯಾರ ಗಮನಕ್ಕೂ ಬರುವುದಿಲ್ಲ.

ಹಿಂದೆ ಇವರು ಮಾಳಿಗೆ ಮೇಲೆ ಆಂಟೆನಾ ಕಟ್ಟುತ್ತಿದ್ದರು. ಒಮ್ಮೆ ಜಾರಿ ಬಿದ್ದು ಬಲಭುಜ ಮುರಿದುಕೊಂಡರು. ಈಗಲೂ ಆ ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ; ಕುರ್ಚಿ ಹತ್ತುವುದು ಅದಕ್ಕೇ. "ಆಗ ಟಿವಿ ಭಾರ ಇತ್ತು, ಈಗ ಅಗಲ. ಹೊರೋರ ಪಾಡು ಅದೇ," ಎನ್ನುತ್ತಾರೆ.

ರಟ್ಟಿನ ಉಪಾಯ ಅವರದೇ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಎಲ್ಲ ಟಿವಿಯೂ ಚಿಕ್ಕದಾಗಿ ಕಾಣುತ್ತದೆ, ಮನೆಗೆ ಬಂದ ಮೇಲೆ ಗೋಡೆ ಸಾಲದೆ ಬಾಯಿ ಬಾಯಿ ಬಿಡುವಂತಾಗುತ್ತದೆ. "ನಾನು ನೋಡೋದು ಗೋಡೆನಲ್ಲ, ಜನ ಎಲ್ಲಿ ಕೂರ್ತಾರೆ ಅನ್ನೋದನ್ನ. ಕುರ್ಚಿ ಎಲ್ಲಿದ್ಯೋ ಅದ್ರ ಮೇಲೆ ಟಿವಿ ಎಷ್ಟು ದೊಡ್ಡದು ಬೇಕು ಅನ್ನೋದು ಗೊತ್ತಾಗುತ್ತೆ."

ಹೊರಗೆ ಮೆಟ್ಟಿಲಲ್ಲಿ ಕೂತು ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು, ನಿಮ್ಮ ಮನೆಯಲ್ಲಿ ಎಷ್ಟು ದೊಡ್ಡದಿದೆ ಎಂದು ಕೇಳುತ್ತೇನೆ. ತಮಾಷೆಗೆ ಕೇಳಿದ್ದು. ಅವರು ಕೈಲಿದ್ದ ಲೋಟವನ್ನು ಪಕ್ಕಕ್ಕೆ ಇಡುತ್ತಾರೆ. ನನಗೆ ಕೇಳಬಾರದ್ದನ್ನು ಕೇಳಿದಂತಾಗುತ್ತದೆ.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ಸಂಜೆ ಕೆಲಸ ಮುಗಿಸಿ ಸ್ಟೂಲು ಹಾಕಿಕೊಂಡು ಟಿವಿ ನೋಡುವುದು ಅವರ ರೂಢಿ. ಸ್ಟೂಲು ದಿನ ಕಳೆದಂತೆ ಟಿವಿಯ ಹತ್ತಿರಕ್ಕೆ ಸರಿಯತೊಡಗಿತು. ಮನೆಗೆ ಬಂದ ಗಂಡ ಅದನ್ನು ಹಿಂದಕ್ಕೆ ಎಳೆಯುತ್ತಿದ್ದರು.

"ದಿನಾ ಬೈತಿದ್ದೆ. ಅಷ್ಟು ಹತ್ರ ಕೂತ್ರೆ ಕಣ್ಣು ಹಾಳಾಗುತ್ತೆ ಕಣೇ, ಊರಿಗೆಲ್ಲ ಹೇಳ್ತೀನಿ, ನೀನೇ ಕೇಳಲ್ಲ ಅಂತ. ನಾನು ಬಚ್ಚಲಿಗೆ ಹೋದಾಗ ಮತ್ತೆ ಮುಂದಕ್ಕೆ ಸರ್ಕೋತಿದ್ಲು."

ಒಂದು ಸಂಜೆ ಟಿವಿಯ ಧ್ವನಿ ಕೆಟ್ಟುಹೋಗಿತ್ತು. ಇವರು ಹಿಂದೆ ಕೈ ಹಾಕಿ ವೈರು ಅಲ್ಲಾಡಿಸುತ್ತಿದ್ದರು. ಎದುರಿಗೇ ಕೂತಿದ್ದ ಹೆಂಡತಿ ಕೇಳಿದರು: "ರೀ, ಈಗ ಬಂದಿರೋದು ಗಂಡಸಾ, ಹೆಂಗಸಾ?"

"ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡು ನಕ್ಕುಬಿಟ್ಟೆ," ಎನ್ನುತ್ತಾರೆ ಗೋಡೆಯಣ್ಣ. "ಕಂಡೋರ ಮನೆ ಕುರ್ಚಿ ನೋಡ್ಕೊಂಡು ಓಡಾಡ್ದೋನು ನಾನು. ನಮ್ಮನೆ ಸ್ಟೂಲು ಯಾಕೆ ಮುಂದಕ್ಕೆ ಹೋಗ್ತಿದೆ ಅಂತ ಒಂದಿನ ಕೇಳಲಿಲ್ಲ."

ಕಣ್ಣಿನ ನಡುಭಾಗ ಸವೆದಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು ವೈದ್ಯರು. ಮೊದಲೇ ಬಂದಿದ್ದರೆ ಎಂದೂ ಒಂದು ಮಾತು ಸೇರಿಸಿದರಂತೆ. ಆ ಮಾತು ಇವರನ್ನು ಇವತ್ತಿಗೂ ಕೊರೆಯುತ್ತಿದೆ.

ಸಂಜೆ ಅವರ ಮನೆಗೆ ಹೋಗುತ್ತೇನೆ. ಒಂದೇ ಕೋಣೆ, ಆಚೆಗೊಂದು ಅಡುಗೆಮೂಲೆ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಾರೆ. ಎದುರು ಗೋಡೆಗೆ ಅಂಟಿಸಿರುವುದು ಅಂಥದೇ ಇನ್ನೊಂದು ಕಪ್ಪು ರಟ್ಟು, ಮಡಿಕೆಯಿಲ್ಲದ ಪೂರ್ತಿ ಅಳತೆಯದು. ಇದ್ದ ಒಂದೇ ಕಿಟಕಿಯ ಅರ್ಧ ಅದರ ಹಿಂದೆ ಹೋಗಿದೆ. ಇಂಥ ಕೋಣೆಗೆ ಇಂಥ ಟಿವಿ ಬೇರೆ ಯಾರಾದರೂ ಕೇಳಿದ್ದರೆ ಇವರು ಖಂಡಿತ ಬೇಡವೆನ್ನುತ್ತಿದ್ದರು.

"ಇವಳಿಗೆ ನಡುವೆ ಕಾಣಲ್ಲ, ಅಂಚಲ್ಲಿ ಕಾಣುತ್ತೆ. ಚಿತ್ರ ದೊಡ್ಡದಿದ್ದು ಹತ್ರ ಇದ್ರೆ ಓರೆಗಣ್ಣಲ್ಲಿ ಹಿಡ್ಕೋತಾಳೆ. ಕಿಟಕಿ ಅರ್ಧ ಮುಚ್ಚುತ್ತೆ, ಅದೇ ಯೋಚನೆ."

"ಕಿಟಕಿಯಾಚೆ ಏನಿದೆ? ಎದುರುಮನೆ ಗೋಡೆ," ಹೆಂಡತಿ ಅಡುಗೆಮೂಲೆಯಿಂದಲೇ ಹೇಳುತ್ತಾರೆ. "ಅದನ್ನ ನೋಡಿ ಸಾಕಾಗಿದೆ."

ಇಷ್ಟು ದೊಡ್ಡ ಟಿವಿ ಕೊಳ್ಳುವ ಮಾತು ಈ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಂಗಡಿಯಲ್ಲಿ ಪ್ರದರ್ಶನಕ್ಕೆ ತೂಗುಹಾಕಿರುವ, ಮೂಲೆ ಗೀಚಿಹೋದ ಒಂದು ಇದೆ. ಹೊಸ ಮಾಡೆಲ್ ಬಂದಾಗ ಅದನ್ನು ಇವರಿಗೇ ಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದಾರೆ. ಹೊಸ ಮಾಡೆಲ್ ಮಾತ್ರ ಇವತ್ತು ನಾಳೆ ಎನ್ನುತ್ತಿದೆ. ಕಣ್ಣು ಅಷ್ಟು ದಿನ ಕಾಯುತ್ತದೆಂದು ವೈದ್ಯರು ಮಾತು ಕೊಟ್ಟಿಲ್ಲ. ಮನೆಗೆ ಬಂದಾಗಲೆಲ್ಲ ಇವರು ಮೊದಲು ನೋಡುವುದು ಸ್ಟೂಲನ್ನೇ. ಅದೀಗ ರಟ್ಟಿಗೆ ತಾಗುವಷ್ಟು ಹತ್ತಿರದಲ್ಲಿದೆ. ಯಾರೂ ಹಿಂದಕ್ಕೆ ಎಳೆಯುವುದಿಲ್ಲ.

ಕಾಣುತ್ತದೋ ಇಲ್ಲವೋ ನೋಡೋಣವೆಂದು ಒಮ್ಮೆ ಹೆಂಡತಿಯನ್ನು ಅಂಗಡಿಗೆ ಕರೆದೊಯ್ದಿದ್ದರಂತೆ. ಆ ಟಿವಿಯಲ್ಲಿ ನ್ಯೂಸ್ ಹಾಕಿದರು, ಧಾರಾವಾಹಿ ಹಾಕಿದರು. ಆಕೆ ತಲೆ ವಾಲಿಸಿ ಒಂದಿಷ್ಟು ಹೊತ್ತು ನೋಡಿ, "ಇವರನ್ನೆಲ್ಲ ಕಟ್ಕೊಂಡು ನಂಗೇನು? ನಿಮ್ಮ ಮುಖ ಹಾಕಿ" ಎಂದರು. ಸೇಲ್ಸ್‌ಮನ್ ಫೋನಿನಲ್ಲಿ ಅಲ್ಲೇ ಇವರ ಫೋಟೊ ತೆಗೆದು ಟಿವಿಗೆ ಹಾಕಿಕೊಟ್ಟರು. ಬಾಗಿಲಗಲದ ಮುಖ. ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು, ಇವರಿಗೆ ನಾಚಿಕೆಯಿಂದ ಎಲ್ಲಿ ಅಡಗಲಿ ಎನಿಸಿತ್ತು. ಆಕೆ ಹತ್ತಿರ ಹೋಗಿ ಈ ಕಡೆಯಿಂದ, ಆ ಕಡೆಯಿಂದ, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು.

"ಏನಂದ್ರಿ ನೋಡಿ?" ಎಂದು ಆಕೆಯನ್ನೇ ಕೇಳುತ್ತೇನೆ.

"ಇಷ್ಟು ವಯಸ್ಸಾಗೋಯ್ತಾ ನಿಮಗೆ ಅಂದೆ. ನನ್ನ ಕಣ್ಣಲ್ಲಿ ಇವರಿನ್ನೂ ಹಳೇ ಮುಖದಲ್ಲೇ ಇದ್ರು. ಆವತ್ತು ನೋಡಿದ್ರೆ ಗಲ್ಲದ ತುಂಬ ಬಿಳಿ ಗಡ್ಡ." ಆಕೆ ನಗುತ್ತಾರೆ. ನನಗೆ ನಗಲಾಗುವುದಿಲ್ಲ.

ಹೊರಡುವಾಗ ಗೋಡೆಯಣ್ಣ ಬಾಗಿಲವರೆಗೆ ಬರುತ್ತಾರೆ. ನಿಮ್ಮ ಆಸೆ ಏನೆಂದು ನಮ್ಮ ಪತ್ರಿಕೆಯವರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳುತ್ತೇನೆ. ಅವರು ಒಳಗೆ ತಿರುಗಿ ನೋಡುತ್ತಾರೆ. ಹೆಂಡತಿ ಸ್ಟೂಲಿನ ಮೇಲೆ ಕೂತು, ಕಪ್ಪು ರಟ್ಟಿನ ಎದುರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಅಭ್ಯಾಸ ಮಾಡುತ್ತಿದ್ದಾರೆ.

"ಟಿವಿ ಬೇಗ ಬರ್ಲಿ ಅಷ್ಟೇ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಗಲ್ಲ ಸವರಿಕೊಳ್ಳುತ್ತಾರೆ. "ನಾನಂತೂ ದಿನಾ ಗಡ್ಡ ಹೆರ್ಕೋತಿದ್ದೀನಿ."